ಬಾದಾಮಿಯ ಬಂಡೆಯ ಮೇಲೆ ಕ್ರಾಲರ್ ಮೋಟಾರು ಹತ್ತೇ ನಿಮಿಷಕ್ಕೆ ಕೆಂಡವಾಗುತ್ತಿದೆ, ಫ್ಯಾನ್ ಹಾಕಿದರೆ ಸಾಕೇ?

ಕಲ್ಲುಗಾಡಿ, ನವನಗರ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 1/10 ಅಳತೆಯ, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 313 ಮಿ.ಮೀ. ಅಂತರವಿರುವ ರಾಕ್ ಕ್ರಾಲರ್, ಅಂದರೆ ರಿಮೋಟ್‌ನಿಂದ ಬಂಡೆ ಹತ್ತಿಸುವ ಪುಟ್ಟ ಗಾಡಿ ಇದೆ. ಮೋಟಾರು 540 ಗಾತ್ರದ, 35 ಟರ್ನ್‌ನ (ಒಳಗಿನ ಪ್ರತಿ ಸುರುಳಿಗೆ 35 ಸುತ್ತು ತಂತಿಯ) ಬ್ರಷ್ ಮೋಟಾರು. ಮೋಟಾರು ಶಾಫ್ಟಿನ ಮೇಲಿನ ಚಿಕ್ಕ ಗಿಯರು, ಅಂದರೆ ಪಿನಿಯನ್‌ಗೆ 15 ಹಲ್ಲು. ಬ್ಯಾಟರಿ 3ಎಸ್ (ಮೂರು ಸೆಲ್‌ಗಳ) ಲಿಪೋ. ಎರಡು ವರ್ಷ ಯಾವ ತಕರಾರೂ ಇರಲಿಲ್ಲ. ದೀಪಾವಳಿಯ ಹೊತ್ತಿಗೆ 108 ಮಿ.ಮೀ. ವ್ಯಾಸದ ಟೈರುಗಳನ್ನು ತೆಗೆದು 130 ಮಿ.ಮೀ. ಟೈರುಗಳನ್ನು ಹಾಕಿದೆ, ಮುಂದಿನ ಆಕ್ಸಲ್‌ಗೆ ಹಿತ್ತಾಳೆಯ ತೂಕವನ್ನೂ ಸೇರಿಸಿದೆ.

ಕಳೆದ ಭಾನುವಾರ ಬಾದಾಮಿ ಊರ ಹೊರಗಿನ ಗುಡ್ಡದಲ್ಲಿ ಗಾಡಿ ಇಳಿಸಿದ್ದೆವು. (ಗುಹೆಗಳ ಕಡೆಯ ಬಂಡೆಗಳು ಸಂರಕ್ಷಿತ ಪ್ರದೇಶದಲ್ಲಿವೆ, ಆ ದಿಕ್ಕಿಗೆ ನಾವು ಹೋಗುವುದೇ ಇಲ್ಲ.) ಹತ್ತು ನಿಮಿಷ ಕಳೆಯುವಷ್ಟರಲ್ಲಿ ಸುಟ್ಟ ವಾರ್ನಿಷಿನ ವಾಸನೆ ಬಂತು. ಗನ್ ಥರ್ಮಾಮೀಟರ್ ಹಿಡಿದರೆ 71 ಡಿಗ್ರಿ ಸೆಲ್ಸಿಯಸ್ ಎಂದಷ್ಟೇ ತೋರಿಸಿತು, ಆದರೆ ಬೆರಳು ತಾಗಿಸಿದರೆ ಚುರ್ರೆಂದಿತು. ಗಾಬರಿಯಲ್ಲಿ ಬಾಟಲಿಯ ನೀರನ್ನು ಮೋಟಾರಿನ ಮೇಲೆಯೇ ಸುರಿದೆ. ಅಂಗಡಿಯವರನ್ನು ಕೇಳಿದರೆ ಬ್ರಷ್‌ಲೆಸ್ ಮೋಟಾರನ್ನೇ ಹಾಕಿಸಿಕೊಳ್ಳಿ ಎನ್ನುತ್ತಾರೆ, ಅಷ್ಟು ಖರ್ಚಿಗೆ ಸದ್ಯ ನಾನು ಸಿದ್ಧನಿಲ್ಲ. ಫ್ಯಾನ್ ಹಾಕಿದರೆ ಸಾಕೇ, ಅಥವಾ 55 ಟರ್ನ್‌ನ ಮೋಟಾರಿಗೆ ಬದಲಾಯಿಸಬೇಕೇ?

ಲೇತ್‌ಮನೆ, ಉದ್ಯಮಬಾಗ, ಬೆಳಗಾವಿ

ಸರ್, ಮೊದಲು 30 ಮಿ.ಮೀ. ಫ್ಯಾನ್ ಒಂದನ್ನು ಹಾಕಿ. ನಾನು ಅಲ್ಯೂಮಿನಿಯಂ ತುಂಡನ್ನು ಲೇತಿಗೆ ಕೊಟ್ಟು ಮೋಟಾರಿಗೆ ಬಿಗಿಯಾಗಿ ಕೂರುವ ಹೀಟ್ ಸಿಂಕ್ ಮಾಡಿಕೊಂಡು, ಅದರ ಮೇಲೆ ಫ್ಯಾನ್ ಕೂರಿಸಿದ್ದೇನೆ. ಯಳ್ಳೂರು ಗುಡ್ಡದ ಕೆಂಪು ಜಂಬಿಟ್ಟಿಗೆಯ ಮೇಲೆ ಅರ್ಧ ಗಂಟೆ ಓಡಿಸಿದರೂ ನನ್ನ ಮೋಟಾರು ಮುಟ್ಟುವಂತೆಯೇ ಇರುತ್ತದೆ. ಫ್ಯಾನ್ ಇಲ್ಲದ ಬರೀ ಹೀಟ್ ಸಿಂಕಿನಿಂದ ಮಾತ್ರ ಹೆಚ್ಚಿನ ಪ್ರಯೋಜನವಿಲ್ಲ. ರೇಸ್ ಕಾರಿಗೆ ಸಿಗುವ ಗಾಳಿ ಆಮೆಯಂತೆ ತೆವಳುವ ಗಾಡಿಗೆ ಎಲ್ಲಿಂದ ಸಿಗಬೇಕು?

ವೈಂಡಿಂಗ್‌ನವ, ವಿಜಯಪುರ

ನನ್ನ ಕಸುಬು ಪಂಪ್‌ಸೆಟ್ ಮೋಟಾರುಗಳ ರಿವೈಂಡಿಂಗ್. ಈ ಗಾಡಿಗಳ ಹುಚ್ಚು ಮಗನಿಂದ ಅಂಟಿದ್ದು. ಬೆಳಗಾವಿಯವರು ಹೇಳಿದ್ದು ಸುಳ್ಳಲ್ಲ, ಆದರೆ ಫ್ಯಾನು ಹುಟ್ಟಿದ ಶಾಖವನ್ನು ಹೊರಗೆ ಹಾಕುತ್ತದೆಯೇ ಹೊರತು ಹುಟ್ಟುವುದನ್ನು ತಡೆಯುವುದಿಲ್ಲ. ಬೋರ್‌ವೆಲ್‌ನ ಪಂಪಿನಲ್ಲಿ ಮರಳು ಕಚ್ಚಿಕೊಂಡು ಮೋಟಾರು ಸುಟ್ಟು ಬಂದಾಗಲೆಲ್ಲ ನನಗೆ ಕೆಲಸ ಕಲಿಸಿದ ಹಿರಿಯರು, “ಮೋಟಾರ್ ಓಡಿ ಸುಡೂದಿಲ್ಲೋ ತಮ್ಮಾ, ನಿಂತು ಸುಡತೈತಿ” ಎನ್ನುತ್ತಿದ್ದರು. ನಿಮ್ಮ ಗಾಡಿಯಲ್ಲಿ ಆಗುತ್ತಿರುವುದೂ ಅದೇ.

ಮೋಟಾರು ತಿರುಗುತ್ತಿರುವಾಗ ತನ್ನೊಳಗೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿಕೊಳ್ಳುತ್ತದೆ, ಒಳಗೆ ನುಗ್ಗುವ ಕರೆಂಟಿಗೆ ಅದೇ ಕಡಿವಾಣ. ಟೈರು ಕಲ್ಲಿನ ಸಂದಿನಲ್ಲಿ ಸಿಕ್ಕಿ ಮೋಟಾರು ನಿಂತಿತೆಂದರೆ ಆ ಕಡಿವಾಣ ಇಲ್ಲವಾಗುತ್ತದೆ. ಆಗ ಕರೆಂಟನ್ನು ತಡೆಯಲು ಉಳಿಯುವುದು ತಂತಿಯ ರೆಸಿಸ್ಟೆನ್ಸ್ ಮಾತ್ರ, ಮತ್ತು ಬ್ಯಾಟರಿ ಕೊಟ್ಟದ್ದೆಲ್ಲವೂ ಶಾಖವೇ ಆಗುತ್ತದೆ. ಇಲ್ಲಿ ನಿಮ್ಮ ಬಾದಾಮಿಯ ಕಲ್ಲಿಗೂ ಒಂದು ಪಾತ್ರವಿದೆ. ಬೆಳಗಾವಿಯ ಸಡಿಲ ಜಲ್ಲಿಯ ಮೇಲೆ ಹೊರೆ ಹೆಚ್ಚಾದರೆ ಟೈರು ಜಾರಿ ಮೋಟಾರು ತಿರುಗಿಬಿಡುತ್ತದೆ. ಬಾದಾಮಿಯದು ಉಪ್ಪುಕಾಗದದಂತೆ ಒರಟಾದ ಮರಳುಗಲ್ಲು, ಅದು ಟೈರನ್ನು ಜಾರಲು ಬಿಡುವುದಿಲ್ಲ, ಹಾಗಾಗಿ ಮೋಟಾರೇ ನಿಲ್ಲಬೇಕಾಗುತ್ತದೆ.

ಇನ್ನು ನಿಮ್ಮ ಟೈರಿನ ಲೆಕ್ಕ. 108 ರಿಂದ 130 ಕ್ಕೆ ಹೋದಾಗ ಅದೇ ಏರನ್ನು ಹತ್ತಲು ಮೋಟಾರು ಸುಮಾರು 1.2 ಪಟ್ಟು ತಿರುಚುಬಲ ಕೊಡಬೇಕು, ಅಂದರೆ ಹೆಚ್ಚುಕಡಿಮೆ 1.2 ಪಟ್ಟು ಕರೆಂಟು. ಶಾಖವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಸುಮಾರು 1.45 ಪಟ್ಟಾಗುತ್ತದೆ, ಹಿತ್ತಾಳೆಯ ತೂಕವನ್ನು ನಾನಿನ್ನೂ ಲೆಕ್ಕಕ್ಕೆ ಹಿಡಿದಿಲ್ಲ. ಪಿನಿಯನ್ನನ್ನು 15 ಹಲ್ಲಿನಿಂದ 12 ಹಲ್ಲಿಗೆ ಇಳಿಸಿದರೆ ಕರೆಂಟು 0.8 ಕ್ಕೂ ಶಾಖ 0.64 ಕ್ಕೂ ಇಳಿಯುತ್ತದೆ. ಎರಡನ್ನೂ ಗುಣಿಸಿ ನೋಡಿ, ಸುಮಾರು 0.93 ಬರುತ್ತದೆ, ಹಳೆಯ ಟೈರಿನಲ್ಲಿ ಇದ್ದುದಕ್ಕಿಂತ ತುಸು ಕಡಿಮೆಯೇ. ವೇಗ ಕುಗ್ಗುವುದು ನಿಜ, ಆದರೆ ಬಂಡೆ ಹತ್ತುವವನಿಗೆ ವೇಗ ಯಾಕೆ ಬೇಕು?

55 ಟರ್ನ್ ಬಗ್ಗೆ ಹಲವರಿಗೆ ತಪ್ಪು ತಿಳಿವಳಿಕೆ ಇದೆ. ಅದೇ ಗಾತ್ರದ ಆರ್ಮೇಚರಿನಲ್ಲಿ (ಮೋಟಾರಿನೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಸುತ್ತು ಹೆಚ್ಚಿಸಬೇಕೆಂದರೆ ತಂತಿಯನ್ನು ಸಣ್ಣದು ಮಾಡಲೇಬೇಕು. ಕರೆಂಟಿನ ವರ್ಗ ಎಷ್ಟು ಪಟ್ಟು ಇಳಿಯುತ್ತದೋ ರೆಸಿಸ್ಟೆನ್ಸ್ ಅಷ್ಟೇ ಪಟ್ಟು ಏರುತ್ತದೆ, ಆದ್ದರಿಂದ ಅಷ್ಟೇ ತಿರುಚುಬಲಕ್ಕೆ ಹುಟ್ಟುವ ಶಾಖ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದರ ಲಾಭವಿರುವುದು ಬೇರೆ ಕಡೆ: ಪೂರ್ತಿ ಥ್ರಾಟಲ್‌ನಲ್ಲಿ ಸಿಕ್ಕಿಕೊಂಡಾಗ 35 ಟರ್ನ್‌ಗೆ ಹೋಲಿಸಿದರೆ ಐದರಲ್ಲಿ ಎರಡು ಪಾಲಿನಷ್ಟೇ ಶಾಖ ಹುಟ್ಟುತ್ತದೆ. ಅಂದರೆ ಅದು ಬೆರಳಿನ ತಪ್ಪನ್ನು ಮನ್ನಿಸುವ ಮೋಟಾರು. 3ಎಸ್ ಬದಲು 2ಎಸ್ ಬ್ಯಾಟರಿ ಹಾಕಿದರೂ ಅಂಥದೇ ರಕ್ಷಣೆ ಸಿಗುತ್ತದೆ, ಮತ್ತು ಅದಕ್ಕೆ ಹೊಸ ಮೋಟಾರು ಬೇಕಿಲ್ಲ. ಏನೇ ಹಾಕಿದರೂ, ಒಂದೆರಡು ಸೆಕೆಂಡಿನಲ್ಲಿ ಚಕ್ರ ತಿರುಗದಿದ್ದರೆ ಥ್ರಾಟಲ್ ಬಿಟ್ಟು, ಹಿಂದೆ ಸರಿದು ಬೇರೆ ದಾರಿ ಹಿಡಿಯುವುದು ಒಳ್ಳೆಯದು.

ಥರ್ಮಾಮೀಟರಿನ 71 ಡಿಗ್ರಿಯನ್ನು ನಂಬಬೇಡಿ. ಹೊಳೆಯುವ ಲೋಹ ತನ್ನ ಶಾಖವನ್ನು ಕಿರಣವಾಗಿ ಹೊರಬಿಡುವುದು ಕಡಿಮೆ, ಆದ್ದರಿಂದ ಇನ್‌ಫ್ರಾರೆಡ್ ಥರ್ಮಾಮೀಟರ್ ಅದನ್ನು ಕಡಿಮೆಯಾಗಿಯೇ ಓದುತ್ತದೆ. ಮೋಟಾರಿನ ಹೊರಮೈಗೆ ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ. ಅಲ್ಲಿ 80 ದಾಟಿದರೆ ಗಾಡಿಯನ್ನು ನೆರಳಿಗೆ ತರುವುದು ನನ್ನ ರೂಢಿ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಸುಮಾರು ಶೇ. 0.39 ಏರುತ್ತದೆ, ಫೆರೈಟ್ ಅಯಸ್ಕಾಂತದ ಬಲ ಪ್ರತಿ ಡಿಗ್ರಿಗೆ ಸುಮಾರು ಶೇ. 0.2 ಕುಗ್ಗುತ್ತದೆ. ಹೀಗಾಗಿ 60 ಡಿಗ್ರಿ ಹೆಚ್ಚು ಕಾದ ಮೋಟಾರು ಅದೇ ಕೆಲಸಕ್ಕೆ ತಂಪಿನಲ್ಲಿದ್ದಾಗಿನ ಒಂದೂವರೆ ಪಟ್ಟಿಗಿಂತ ಹೆಚ್ಚು ಶಾಖವನ್ನು ಹುಟ್ಟಿಸುತ್ತದೆ. ಕಾದದ್ದು ಇನ್ನಷ್ಟು ಕಾಯುತ್ತದೆ.

ನೀರು ಸುರಿದಿದ್ದೀರಿ, ಅದು ತಣಿಸಿದ್ದು ಡಬ್ಬಿಯನ್ನು, ಒಳಗಿನ ಆರ್ಮೇಚರನ್ನಲ್ಲ. ಚೆನ್ನಾಗಿ ಒಣಗಿಸಿ, ಎರಡೂ ತುದಿಯ ಬುಶ್‌ಗಳಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಬ್ರಷ್‌ಗಳು ಉಜ್ಜುವ ತಾಮ್ರದ ಭಾಗವಾದ ಕಮ್ಯುಟೇಟರಿಗೆ ಮಾತ್ರ ಎಣ್ಣೆ ತಾಗಕೂಡದು.

ಲೇತ್‌ಮನೆ, ಉದ್ಯಮಬಾಗ, ಬೆಳಗಾವಿ

ನನ್ನ ಮೋಟಾರು ತಂಪಾಗಿದ್ದುದು ಫ್ಯಾನಿನಿಂದಲ್ಲ, ಜಾರುವ ಜಲ್ಲಿಯಿಂದ ಎಂದಾಯಿತು! ಒಪ್ಪಿದೆ. ಆದರೂ ಒಂದು ಮಾತು ಸೇರಿಸುತ್ತೇನೆ. ಪಿನಿಯನ್ ಬದಲಿಸುವ ಮೊದಲು ಅದನ್ನು ಸ್ಪರ್ ಗಿಯರಿನಿಂದ (ಪಿನಿಯನ್ ತಿರುಗಿಸುವ ದೊಡ್ಡ ಗಿಯರು) ದೂರ ಸರಿಸಿ, ಗಾಡಿಯನ್ನು ಕೈಯಲ್ಲೆತ್ತಿ ಸ್ಪರ್ ಗಿಯರನ್ನು ಬೆರಳಿನಿಂದ ತಿರುಗಿಸಿ ನೋಡಿ. ಎಲ್ಲೋ ಒಂದು ಕಡೆ ಬಿಗಿಯಾಗಿ, ಮತ್ತೆ ಸಡಿಲವಾದರೆ ಬೇರಿಂಗೋ ಡ್ರೈವ್ ಶಾಫ್ಟೋ ಹಿಡಿಯುತ್ತಿದೆ ಎಂದರ್ಥ. ಹೊಸ ಪಿನಿಯನ್ ಕೂರಿಸುವಾಗ ಎರಡು ಗಿಯರುಗಳ ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಒತ್ತಿ ಹಿಡಿದು ಮೋಟಾರಿನ ಸ್ಕ್ರೂ ಬಿಗಿಯಿರಿ, ನಂತರ ಕಾಗದವನ್ನು ತಿರುಗಿಸಿ ಹೊರತೆಗೆಯಿರಿ. ಕಾಗದ ಮಡಿಕೆ ಮಡಿಕೆಯಾಗಿ, ಆದರೆ ಹರಿಯದೆ ಬಂದರೆ ಅಂತರ ಸರಿಯಾಗಿದೆ.

ಕಲ್ಲುಗಾಡಿ, ನವನಗರ, ಬಾಗಲಕೋಟೆ

ಇಬ್ಬರಿಗೂ ಧನ್ಯವಾದಗಳು. ಮೊದಲು ಟೇಪಿನ ಪರೀಕ್ಷೆ ಮಾಡಿದೆ: ಬರಿಯ ಲೋಹದ ಮೇಲೆ 70 ತೋರಿಸಿದಾಗ, ಒಂದು ಬೆರಳಿನಷ್ಟು ಪಕ್ಕದ ಟೇಪಿನ ಮೇಲೆ 94 ಇತ್ತು! ಸ್ಪರ್ ಗಿಯರನ್ನು ಬೆರಳಿನಿಂದ ತಿರುಗಿಸಿದಾಗ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಹಿಡಿಯುತ್ತಿತ್ತು. ಹಿಂದಿನ ಆಕ್ಸಲಿನ ಒಂದು ಬೇರಿಂಗ್ ಕೆಂಪು ಧೂಳು ತುಂಬಿ ಗಟ್ಟಿಯಾಗಿತ್ತು, ಅದನ್ನು ಬದಲಿಸಿದೆ. 12 ಹಲ್ಲಿನ ಪಿನಿಯನ್ ಹಾಕಿ ಈ ಭಾನುವಾರ ಬೆಳಿಗ್ಗೆ ಆರೂವರೆಗೆ ಅದೇ ಗುಡ್ಡದಲ್ಲಿ 25 ನಿಮಿಷ ಓಡಿಸಿದೆ. ಮುಗಿಸಿದಾಗ ಟೇಪಿನ ಮೇಲೆ 68 ಇತ್ತು. ಆದರೆ ಗಾಡಿ ನಿಲ್ಲಿಸಿ ಮೂರು ನಿಮಿಷದ ನಂತರ ನೋಡಿದರೆ 73 ಆಗಿತ್ತು. ನಿಂತ ಮೇಲೂ ಏರುವುದು ದೋಷವೇ?

ವೈಂಡಿಂಗ್‌ನವ, ವಿಜಯಪುರ

ದೋಷವಲ್ಲ. ಆರ್ಮೇಚರಿನಲ್ಲಿದ್ದ ಶಾಖ ನಿಧಾನವಾಗಿ ಹೊರಮೈಗೆ ಬರುತ್ತಿದೆ. ಓಡಿಸುವಾಗ ಒಳಗೆ ಅದಕ್ಕಿಂತ ಹೆಚ್ಚು ಬಿಸಿ ಇತ್ತು ಎಂಬುದಕ್ಕೆ ಅದೇ ಸಾಕ್ಷಿ, ಆದ್ದರಿಂದ ಎರಡನೆಯ ಬ್ಯಾಟರಿ ಹಾಕುವ ಮೊದಲು ಅಂಕಿ ಏರಿ, ಇಳಿದು, ಕೈ ಇಟ್ಟರೆ ತಡೆಯುವಷ್ಟಾಗುವವರೆಗೆ ಕಾಯಿರಿ. ಏಪ್ರಿಲ್ ಬಿಸಿಲಿನಲ್ಲಿ ಅದಕ್ಕೆ ಅರ್ಧ ಗಂಟೆಯೂ ಹಿಡಿಯಬಹುದು. ಬೆಳಗಾವಿಯವರ ಫ್ಯಾನು ನಿಜವಾಗಿ ಕೆಲಸಕ್ಕೆ ಬರುವುದು ಆಗಲೇ.

ಲೇತ್‌ಮನೆ, ಉದ್ಯಮಬಾಗ, ಬೆಳಗಾವಿ

ಅಂತೂ ನನ್ನ ಫ್ಯಾನಿಗೂ ಒಂದು ಕೆಲಸ ಸಿಕ್ಕಿತು. ಸರ್, 12 ಹಲ್ಲಿನ ಪಿನಿಯನ್ನಿನ ಗ್ರಬ್ ಸ್ಕ್ರೂ (ಅದನ್ನು ಶಾಫ್ಟಿಗೆ ಬಿಗಿಯುವ ಪುಟ್ಟ ಸ್ಕ್ರೂ) ಮೋಟಾರು ಶಾಫ್ಟಿನ ಚಪ್ಪಟೆ ಭಾಗದ ಮೇಲೆಯೇ ಕೂತಿದೆಯೇ ಎಂದು ಇನ್ನೊಮ್ಮೆ ನೋಡಿಕೊಳ್ಳಿ. ದುಂಡು ಭಾಗದ ಮೇಲೆ ಕೂತಿದ್ದರೆ ಮುಂದಿನ ಭಾನುವಾರ ಮೋಟಾರು ತಂಪಾಗಿಯೇ ಗಿರ್ರನೆ ತಿರುಗುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ.