ಎರಡನೇ ವಯಲಿನ್ ಮತ್ತು ಅಪ್ಪಚ್ಚಿಯ ತ್ರಿಪುಡೆ

ಮೊನ್ನೆ ಹೊರನಾಡಿನಲ್ಲಿರುವ ಕುಮಟೆಯ ಅಕ್ಕ ನಮ್ಮ ಈ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದರು. ಹತ್ತು ವರ್ಷದ ಮಗ ಊರಿನ ಮಕ್ಕಳ ಆರ್ಕೆಸ್ಟ್ರಾಕ್ಕೆ ಆಯ್ಕೆಯಾಗಿದ್ದಾನೆ, ಅದರ ಅಭ್ಯಾಸ ಶನಿವಾರ ಬೆಳಿಗ್ಗೆ. ಕನ್ನಡ ತರಗತಿಯೂ ಶನಿವಾರ ಬೆಳಿಗ್ಗೆಯೇ. ಯಾವುದನ್ನು ಬಿಡಿಸುವುದು? ಕೆಳಗೆ ಬಂದ ಉತ್ತರಗಳಲ್ಲಿ ಮುಕ್ಕಾಲು ಪಾಲು, ಆರ್ಕೆಸ್ಟ್ರಾ ಬಿಡಿಸಿ, ಇಲ್ಲದಿದ್ದರೆ ಮಗ ಕೈತಪ್ಪುತ್ತಾನೆ ಎಂದವು. ಕಾರವಾರದ ಹಿರಿಯರೊಬ್ಬರು ಮಾತ್ರ ‘ಶನಿವಾರವನ್ನೇ ಬದಲಾಯಿಸಲು ತರಗತಿಯವರನ್ನು ಕೇಳಿ ನೋಡಿದಿರಾ?’ ಎಂದು ಬರೆದಿದ್ದರು. ಆ ಬುದ್ಧಿವಂತಿಕೆಯ ಮಾತಿಗೆ ಯಾರೂ ಮರುಮಾತು ಆಡಲಿಲ್ಲ.

ನನ್ನ ಅನುಭವ ಬೇರೆ ಇದೆ. ಸ್ವಲ್ಪ ಉದ್ದ, ತಾಳ್ಮೆ ಇರಲಿ.

ನಮ್ಮದು ಶಿರಸಿ–ಕುಮಟಾ ರಸ್ತೆಯಲ್ಲಿ ದೇವಿಮನೆ ಘಟ್ಟ ಇಳಿಯುವುದಕ್ಕೆ ಮೊದಲೇ ಒಳಗೆ ಹೊರಳಿಕೊಳ್ಳುವ ಒಂದು ಊರು. ಹೊಟ್ಟೆಪಾಡು ನ್ಯೂ ಜೆರ್ಸಿಯಲ್ಲಿ. 2020ರ ಕೊನೆಯಲ್ಲಿ ಅಪ್ಪನಿಗೆ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಮಗಳ ಶಾಲೆ ಹೇಗೂ ಪರದೆಯ ಮೇಲೆ ನಡೆಯುತ್ತಿತ್ತು, ನನ್ನ ಕೆಲಸವೂ ಹಾಗೆಯೇ. ಮೂವರೂ ಬಂದು ಊರಲ್ಲಿ ಕುಳಿತೆವು. ಚಳಿಗಾಲದಲ್ಲಿ ಎರಡೂ ಕಡೆಗೆ ಹತ್ತೂವರೆ ತಾಸಿನ ಅಂತರ, ಹಾಗಾಗಿ ಮಗಳಿಗೆ ಶಾಲೆ ಶುರುವಾಗುವುದು ಸಂಜೆ ಆರೂವರೆಗೆ, ಮುಗಿಯುವುದು ನಡುರಾತ್ರಿ ದಾಟಿದ ಮೇಲೆ. ಮನೆಯಲ್ಲಿ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ನಡೆದಿತ್ತು. ಕೆಳಗೆ ಜಗುಲಿಯಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯುವವರು, ಮೇಲೆ ಮೆತ್ತಿನಲ್ಲಿ, ಅಂದರೆ ಮಹಡಿಯಲ್ಲಿ, ಬೀಜಗಣಿತ ಕಲಿಯುವ ಇವಳು. ರಾತ್ರಿ ಹನ್ನೊಂದಕ್ಕೆ ಇಬ್ಬರಿಗೂ ಒಟ್ಟಿಗೇ ಚಹಾ.

ಆಗ ಅವಳಿಗೆ ಹದಿಮೂರು. ಮಕ್ಕಳ ಆರ್ಕೆಸ್ಟ್ರಾದಲ್ಲಿ ಎರಡನೇ ವಯಲಿನ್. ಆರ್ಕೆಸ್ಟ್ರಾ ಎಂದಾಗ ಆಯಿಗೆ ಹೊಳೆದದ್ದು ಜಾತ್ರೆಯ ರಾತ್ರಿ ಸಿನೆಮಾ ಹಾಡು ಹೇಳುವ ರಸಮಂಜರಿ. ಮೊಮ್ಮಗಳು ಅಂಥ ಕಡೆ ಹೋಗುತ್ತಾಳೆಂದು ಎರಡು ದಿನ ಮುಖ ಸಣ್ಣ ಮಾಡಿಕೊಂಡಿದ್ದಳು. ಇದು ಅರವತ್ತು ಮಕ್ಕಳು ಹಾಳೆ ನೋಡಿಕೊಂಡು ನುಡಿಸುವ ಮೇಳ ಎಂದು ಬಿಡಿಸಿ ಹೇಳಿದೆ. ‘ಅರವತ್ತು ಜನ ಬೇಕಾ ಒಂದು ಹಾಡಿಗೆ?’ ಎಂದಳು. ಉತ್ತರ ನನ್ನ ಬಳಿಯೂ ಇರಲಿಲ್ಲ.

ಅಲ್ಲಿಯ ಡಿಸೆಂಬರ್ ಕಛೇರಿ ಪ್ರತಿವರ್ಷ ಸಭಾಂಗಣದಲ್ಲಿ ನಡೆಯುತ್ತಿತ್ತು. ಆ ವರ್ಷ ಎಲ್ಲರೂ ಮನೆಯಲ್ಲಿಯೇ ಕುಳಿತು ನುಡಿಸಿ, ರೆಕಾರ್ಡ್ ಮಾಡಿ ಕಳಿಸಬೇಕು, ಅದನ್ನು ಜೋಡಿಸಿ ರಜೆಯ ಮೊದಲ ದಿನ ಅಂತರ್ಜಾಲದಲ್ಲಿ ಹಾಕುವುದು ಎಂದು ತೀರ್ಮಾನವಾಯಿತು. ಈ ಉಪಾಯ ಹೊಸದಲ್ಲ. ಅಮೆರಿಕದ ಸಂಯೋಜಕ ಎರಿಕ್ ವಿಟೇಕರ್ 2010ರಲ್ಲಿಯೇ 12 ದೇಶಗಳ 185 ಗಾಯಕರ ದನಿಗಳನ್ನು ಹೀಗೆ ಹೊಲಿದು ತೋರಿಸಿದ್ದರು. 2020ರಲ್ಲಿ ಅದು ಮನೆಮನೆಯ ಕಸುಬಾಯಿತು, ಅಷ್ಟೇ.

ಪರದೆಯ ಮುಂದೆ ಎಲ್ಲರೂ ಒಟ್ಟಿಗೆ ಏಕೆ ನುಡಿಸಬಾರದು ಎಂದು ಇಲ್ಲಿ ಹಲವರು ಕೇಳುವುದನ್ನು ನೋಡಿದ್ದೇನೆ. ಆಗುವುದಿಲ್ಲ. ಗಾಳಿಯಲ್ಲಿ ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ. ವೇದಿಕೆಯಲ್ಲಿ ಎಂಟು ಹತ್ತು ಮೀಟರ್ ದೂರ ಕುಳಿತವರ ನಡುವೆ 25–30 ಮಿಲಿಸೆಕೆಂಡು ತಡ ಇದ್ದೇ ಇರುತ್ತದೆ, ಅಷ್ಟನ್ನು ಕಿವಿ ಸುಧಾರಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ನಾನು ನಿನಗೆ ಕಾಯುವುದು, ನೀನು ನನಗೆ ಕಾಯುವುದು. ಲಯ ಎಳೆದು ಎಳೆದು ಮಲಗಿಬಿಡುತ್ತದೆ. ನಮ್ಮ ಊರಿಗೂ ನ್ಯೂ ಜೆರ್ಸಿಗೂ ಸುಮಾರು 13,000 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಒಂದು ನೇರ ತಂತಿ ಎಳೆದರೂ ಹೋಗುವುದಕ್ಕೇ 65 ಮಿಲಿಸೆಕೆಂಡು ಬೇಕು, ನಿಜವಾದ ದಾರಿ ಇನ್ನೂ ಸುತ್ತು. ಎಷ್ಟು ದುಡ್ಡು ಕೊಟ್ಟು ಎಂಥ ಸಂಪರ್ಕ ತೆಗೆದುಕೊಂಡರೂ ಈ ಲೆಕ್ಕ ಕರಗುವುದಿಲ್ಲ. ಅದಕ್ಕೇ ಶನಿವಾರದ ಅಭ್ಯಾಸದಲ್ಲಿ, ನಮಗೆ ಅದು ರಾತ್ರಿ ಎಂಟೂವರೆ, ನಿರ್ದೇಶಕರೊಬ್ಬರ ಮೈಕ್ ಮಾತ್ರ ತೆರೆದಿರುತ್ತಿತ್ತು. ಉಳಿದವರು ಬಾಯಿ ಮುಚ್ಚಿಸಿಕೊಂಡು ತಮ್ಮ ತಮ್ಮ ಕೋಣೆಯಲ್ಲಿ ನುಡಿಸುತ್ತಿದ್ದರು.

ರೆಕಾರ್ಡ್ ಮಾಡುವ ಕ್ರಮ ಹೀಗೆ: ಕಿವಿಯಲ್ಲಿ ‘ಟಿಕ್ ಟಿಕ್’ ಎಂದು ಲಯ ಬಡಿಯುತ್ತಿರುತ್ತದೆ, ಅದರ ಮೇಲೆ ನುಡಿಸಬೇಕು. ಮೊದಲಿಗೆ ಒಂದು ಚಪ್ಪಾಳೆ ಹೊಡೆಯಬೇಕು, ಜೋಡಿಸುವವರು ಆ ಚಪ್ಪಾಳೆಗಳನ್ನೆಲ್ಲ ಒಂದೇ ಗೆರೆಗೆ ತರುತ್ತಾರೆ. ಮಗಳು ಮೆತ್ತಿನ ಮೇಲೆ ಮೂರು ಕಂಬಳಿ ತೂಗುಹಾಕಿ ಕೋಣೆ ಮಾಡಿಕೊಂಡಳು. ಮೊದಲ ಸಲ ಕಳಿಸಿದ್ದು ತಿರುಗಿ ಬಂತು, ಎಲ್ಲವೂ ಒಂದು ಕೂದಲೆಳೆ ಹಿಂದೆ ಇದೆ ಎಂದು. ಅವಳು ಅತ್ತಳು, ನಾನು ಅವಳ ಲಯವನ್ನೇ ಅನುಮಾನಿಸಿದೆ. ತಪ್ಪು ಬ್ಲೂಟೂತ್ ಇಯರ್‌ಫೋನಿನದು. ‘ಟಿಕ್’ ಅವಳ ಕಿವಿಗೆ ತಲುಪುವುದೇ ತಡವಾಗಿ, ಅವಳು ಅದಕ್ಕೆ ಸರಿಯಾಗಿಯೇ ನುಡಿಸುತ್ತಿದ್ದಳು. ಮರುದಿನ ಶಿರಸಿ ಪೇಟೆಯಲ್ಲಿ ನೂರೈವತ್ತು ರೂಪಾಯಿಯ ತಂತಿ ಇರುವ ಇಯರ್‌ಫೋನ್ ತಂದೆ. ಕೆಲಸ ಮುಗಿಯಿತು. ಈ ಬರಹದಲ್ಲಿ ಬೇರೇನೂ ನೆನಪಿಡದಿದ್ದರೂ ಇದನ್ನೊಂದು ನೆನಪಿಡಿ.

ಕಳಿಸುವುದು ಮತ್ತೊಂದು ಕಥೆ. ಮನೆಯಲ್ಲಿ ಸಿಗ್ನಲ್ ಇದ್ದದ್ದು ಮೆತ್ತಿನ ಪಡುವಣ ಕಿಟಕಿಯಲ್ಲಿ ಮಾತ್ರ, ಅದೂ ಮಾತು ಕೇಳುವಷ್ಟು. ಆ ವರ್ಷ ನಮ್ಮ ಸೀಮೆಯಲ್ಲಿ ಎಷ್ಟೋ ಮಕ್ಕಳು ಛತ್ರಿ, ಚಾಪೆ ಹಿಡಿದು ಗುಡ್ಡ ಹತ್ತಿ ಪಾಠ ಕೇಳಿದ್ದು ನಿಮಗೆ ಗೊತ್ತೇ ಇದೆ. ನಾವೂ ಮೊದಲು ಸೊಪ್ಪಿನ ಬೆಟ್ಟ ಹತ್ತಿ ನೋಡಿದೆವು, ಅರ್ಧಕ್ಕೆ ನಿಂತಿತು. ಕೊನೆಗೆ ಜೀಪಿನಲ್ಲಿ ಶಿರಸಿಗೆ ಹೋಗಿ, ಬಿಡ್ಕಿಬೈಲಿನ ಪಕ್ಕ ನಿಲ್ಲಿಸಿ, ಮಿರ್ಚಿ ತಿನ್ನುತ್ತ ಮುಕ್ಕಾಲು ತಾಸು ಕಾದೆವು.

ಈ ನಡುವೆ ಆಯಿ ಮೆಟ್ಟಿಲ ಬುಡದಲ್ಲಿ ಕುಳಿತು ಮೊಮ್ಮಗಳ ಅಭ್ಯಾಸವನ್ನು ಕೇಳಿಸಿಕೊಳ್ಳುತ್ತಿದ್ದಳು. ಎರಡನೇ ವಯಲಿನ್ನಿನ ಪಾಲಿಗೆ ಹಾಡು ಬರುವುದೇ ಕಡಿಮೆ. ಎರಡು ಸ್ವರ, ಮೌನ, ಮತ್ತೆ ಎರಡು ಸ್ವರ, ಹನ್ನೆರಡು ಆವರ್ತ ಸುಮ್ಮನೆ ಎಣಿಕೆ. ‘ಕೂಸೇ, ಇದರಲ್ಲಿ ಹಾಡು ಎಲ್ಲಿದೆ?’ ಎಂದು ನಾಲ್ಕನೆಯ ದಿನ ಕೇಳಿಯೇಬಿಟ್ಟಳು. ಇವಳಿಗೆ ಹೇಳಲು ಕನ್ನಡ ಸಾಲಲಿಲ್ಲ. ಅಡಿಕೆ ಸುಲಿಯುತ್ತಿದ್ದ ಅಪ್ಪಚ್ಚಿ, ಅಂದರೆ ನನ್ನ ಚಿಕ್ಕಪ್ಪ, ತಲೆ ಎತ್ತದೆ ಹೇಳಿದ: ‘ಭಾಗವತ ಇಲ್ಲದೆ ಬರೀ ಮದ್ದಳೆ ಕೇಳಿದರೆ ಹೇಗಿರುತ್ತದೆ ಅತ್ತಿಗೆ? ಹಾಗೆ.’ ಮಗಳು ಮದ್ದಳೆ ಎಂದರೇನು ಎಂದು ಕೇಳಿದಳು. ಹದಿಮೂರು ವರ್ಷ ನಾನು ಹೇಳದೇ ಬಿಟ್ಟ ಸಂಗತಿಗಳಲ್ಲಿ ಅದೂ ಒಂದು ಎಂದು ಆಗ ತಿಳಿಯಿತು.

ಅಪ್ಪಚ್ಚಿ ಯಕ್ಷಗಾನದ ಹವ್ಯಾಸಿ ಭಾಗವತ, ತಾಳ ಹಿಡಿದು ಹಾಡಿ ಆಟ ನಡೆಸುವವ. ಬಡಗುತಿಟ್ಟು, ಅಂದರೆ ಬಡಗಣ ಶೈಲಿಯದು. ಮಾರ್ಚಿನಿಂದ ಒಂದು ಆಟವೂ ಇಲ್ಲದೆ ಬೆರಳು ಕಡಿಯುತ್ತಿತ್ತು ಅವನಿಗೆ. ಆರ್ಕೆಸ್ಟ್ರಾದ ನಿರ್ದೇಶಕರು ಇನ್ನೊಂದು ಕೆಲಸವನ್ನೂ ಕೊಟ್ಟಿದ್ದರು: ಪ್ರತಿ ಮಗುವೂ ತನ್ನ ಮನೆಯ ಹಬ್ಬದ ಸಂಗೀತವನ್ನು ಒಂದು ನಿಮಿಷ ಹಂಚಿಕೊಳ್ಳಬೇಕು. ಮಗಳು ‘ಡಿಸೆಂಬರಿನಲ್ಲಿ ನಮಗೆ ಹಬ್ಬವೇ ಇಲ್ಲ’ ಎಂದು ಬರೆದು ಕಳಿಸಲು ಹೊರಟಿದ್ದಳು. ಅಪ್ಪಚ್ಚಿ ಮೆಟ್ಟುಗತ್ತಿ ಬದಿಗಿಟ್ಟು ತಾಳ ತಂದ.

ಗಣಪತಿ ಸ್ತುತಿಯ ಒಂದು ನುಡಿ, ಏಳು ಅಕ್ಷರದ ತ್ರಿಪುಡೆ ತಾಳದಲ್ಲಿ. ಅವನ ಶ್ರುತಿ ಕಪ್ಪು ಎರಡು, ಹಾರ್ಮೋನಿಯಂನ ಎರಡನೆಯ ಕಪ್ಪು ಮನೆ. ಅಂದರೆ ಇವಳ ಹಾಳೆಯ ಭಾಷೆಯಲ್ಲಿ ಇ ಫ್ಲಾಟ್, ವಯಲಿನ್ನಿನ ಯಾವ ಬಿಡಿ ತಂತಿಗೂ ಕೂಡದ್ದು. ಮೇಲಾಗಿ ಮನೆಯ ಹಾರ್ಮೋನಿಯಂ ಅಜ್ಜನ ಕಾಲದ್ದು, ಇವಳ ಟ್ಯೂನರ್ ಸ್ವರ ಅಳೆಯುವ 440 ಹರ್ಟ್ಸ್ ಲೆಕ್ಕಕ್ಕೆ ಒಪ್ಪುವುದಿಲ್ಲ. ತಂತಿಗಳನ್ನೇ ಸಡಿಲಿಸಿ ಹಾರ್ಮೋನಿಯಂಗೆ ಸೇರಿಸಿಕೊಂಡಳು. ತಾಳ ಇನ್ನೂ ಕಷ್ಟ: ನಾಲ್ಕಕ್ಕೋ ಮೂರಕ್ಕೋ ಎಣಿಸಿ ರೂಢಿಯಾದವಳಿಗೆ ಏಳು ಬಂದರೆ ಕಾಲು ತಪ್ಪುತ್ತದೆ. ಮೂರು, ಆಮೇಲೆ ನಾಲ್ಕು ಎಂದು ಮುರಿದುಕೊಂಡು ದಾರಿ ಕಂಡುಕೊಂಡಳು. ಮೂರನೆಯ ರಾತ್ರಿ ಜಗುಲಿಯಲ್ಲಿ ಅವನು, ಇವಳು, ಪಕ್ಕದ ಮನೆಯ ಭಾವನ ಮದ್ದಳೆ, ಹಿನ್ನೆಲೆಯಲ್ಲಿ ಸುಲಿಯುವವರ ಪಟ್ ಪಟ್. ಆ ಸದ್ದನ್ನು ತೆಗೆಯುವುದೇ ಎಂದು ಅಲ್ಲಿಯವರು ಕೇಳಿದರು, ಮಗಳು ಬೇಡ ಎಂದಳು.

ದೊಡ್ಡ ವಿಡಿಯೊ ಬಂದ ದಿನ ಮನೆಮಂದಿಯೆಲ್ಲ ಲ್ಯಾಪ್‌ಟಾಪಿನ ಮುಂದೆ ಕುಳಿತರು. ಅರವತ್ತು ಚೌಕಗಳಲ್ಲಿ ಮೂರನೆಯ ಸಾಲಿನ ತುದಿಯಲ್ಲಿ ಉಗುರಿನಷ್ಟು ಮಗಳು, ಹಿಂದೆ ಕಂಬಳಿ. ಆಯಿ ಕನ್ನಡಕ ಒರೆಸಿಕೊಂಡು ಪೂರ್ತಿ ನೋಡಿದಳು. ‘ಇವಳ ಸದ್ದು ಯಾವುದು?’ ಎಂದಳು. ಬೇರೆಯಾಗಿ ಕೇಳುವುದಿಲ್ಲ ಎಂದೆ. ‘ಹಾಗಾದರೆ ಸರಿಯಾಗಿಯೇ ನುಡಿಸಿದ್ದಾಳೆ’ ಎಂದು ಒಲೆಯ ಕಡೆ ಹೋದಳು.

ಮುಂದಿನ ವರ್ಷ ಎಲ್ಲ ತಲೆಕೆಳಗಾಯಿತು. ನಾವು ನ್ಯೂ ಜೆರ್ಸಿಗೆ ಮರಳಿದ್ದೆವು, ಆರ್ಕೆಸ್ಟ್ರಾ ಮಾಸ್ಕ್ ಹಾಕಿಕೊಂಡು ಸಭಾಂಗಣಕ್ಕೆ ಮರಳಿತ್ತು. ಈಗ ದೂರ ಉಳಿದವನು ಅಪ್ಪಚ್ಚಿ. ದೊಡ್ಡಹಬ್ಬಕ್ಕೆ, ದೀಪಾವಳಿಯನ್ನು ನಮ್ಮ ಕಡೆ ಹಾಗೆಯೇ ಕರೆಯುವುದು, ಅದೇ ಜೋಡಿಸುವ ವಿದ್ಯೆಯನ್ನು ಮನೆಯವರ ಮೇಲೆ ಪ್ರಯೋಗಿಸುವುದೆಂದು ಮಗಳು ಹೊರಟಳು. ಅಪ್ಪಚ್ಚಿ ಊರಿನಲ್ಲಿ, ಮದ್ದಳೆಯ ಭಾವ ಹೊನ್ನಾವರದಲ್ಲಿ, ಚಂಡೆಯ ತಮ್ಮ ಬೆಂಗಳೂರಿನಲ್ಲಿ, ಇವಳು ಇಲ್ಲಿ. ಎಲ್ಲರಿಗೂ ‘ಟಿಕ್ ಟಿಕ್’ ಕಳಿಸಿದಳು.

ಪೂರ್ತಿ ಕೆಟ್ಟಿತು. ಅಪ್ಪಚ್ಚಿ ಎರಡು ಸಾಲು ಹಾಡಿ ಇಯರ್‌ಫೋನ್ ಕಿತ್ತಿಟ್ಟ. ಫೋನ್ ಮಾಡಿ ‘ಇದು ನನ್ನನ್ನು ಕುಣಿಸುತ್ತದಲ್ಲೇ! ಕುಣಿಸಬೇಕಾದವ ನಾನು’ ಎಂದ. ನಿಜ. ಆಟದಲ್ಲಿ ಲಯ ಭಾಗವತನ ಕೈಯ ತಾಳದಲ್ಲಿರುತ್ತದೆ. ವೇಷಧಾರಿಯ ಕಾಲು ನೋಡಿ ಅವನು ಹಿಗ್ಗಿಸುತ್ತಾನೆ, ಒತ್ತುತ್ತಾನೆ. ಮದ್ದಳೆ ಚಂಡೆಗಳು ಅವನ ಮುಖ ನೋಡಿಕೊಂಡು ಹಿಂಬಾಲಿಸುತ್ತವೆ. ಯಂತ್ರದ ಬಡಿತ ಅಲ್ಲಿ ಯಜಮಾನ ಆಗಲಾರದು. ಮಗಳು ಎರಡು ದಿನ ಮುನಿಸಿಕೊಂಡಿದ್ದು, ಮೂರನೆಯ ದಿನ ಕ್ರಮವನ್ನೇ ತಿರುವಿದಳು. ಮೊದಲು ಅಪ್ಪಚ್ಚಿ ತನ್ನ ಪಾಡಿಗೆ ಹಾಡಿ ಕಳಿಸುವುದು, ಅದನ್ನು ಕೇಳುತ್ತ ಮದ್ದಳೆ, ಆಮೇಲೆ ಚಂಡೆ, ಎಲ್ಲದರ ಮೇಲೆ ವಯಲಿನ್. ಚಪ್ಪಾಳೆಯ ಬದಲು ತಾಳದ ಒಂದು ಪೆಟ್ಟು. ವಿಡಿಯೊದಲ್ಲಿ ಅವನ ಮುಖ ಕಾಣಿಸುವಂತೆ ಇಡಬೇಕೆಂದು ಭಾವ ಹಟ ಹಿಡಿದ, ಉಸಿರು ತೆಗೆಯುವುದು ಕಂಡರೆ ಮುಂದಿನದು ತಿಳಿಯುತ್ತದಂತೆ. ಆಗ ಕೂಡಿತು. ಆರ್ಕೆಸ್ಟ್ರಾದಲ್ಲಿ ಕುಳಿತು ಇನ್ನೊಬ್ಬರ ಬಿಲ್ಲನ್ನು ಓರೆಗಣ್ಣಿನಿಂದ ನೋಡುವ ಅಭ್ಯಾಸ ಇರದಿದ್ದರೆ ಇವಳಿಗೆ ಈ ದಾರಿ ಹೊಳೆಯುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಹಾಗಂತ ಅವಳ ಕನ್ನಡ ರಾತ್ರೋರಾತ್ರಿ ಸುಧಾರಿಸಿತೆಂದು ಹೇಳಿದರೆ ಸುಳ್ಳು. ಓದಲು ಈಗಲೂ ತಡವರಿಸುತ್ತಾಳೆ. ಆದರೆ ಅಪ್ಪಚ್ಚಿಗೆ ಫೋನ್ ಮಾಡಲು ನಾನು ಹೇಳಬೇಕಿಲ್ಲ. ಜಗಳವಾಡಲು ಒಂದು ವಿಷಯವಿದೆ, ಅದರ ಪದಗಳೆಲ್ಲ ಕನ್ನಡದಲ್ಲಿವೆ: ಎತ್ತುಗಡೆ, ಬಿಡ್ತಿಗೆ, ಮುಕ್ತಾಯ. ನಾನು ಕೊಂಡು ತಂದ ಅಕ್ಷರಮಾಲೆಯ ಪಟ ಗೋಡೆಯ ಮೇಲೆ ಎಂಟು ವರ್ಷ ಇತ್ತು, ಅದಕ್ಕೆ ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆದ್ದರಿಂದ ಅಕ್ಕ, ಮಗನನ್ನು ಆರ್ಕೆಸ್ಟ್ರಾದಿಂದ ಬಿಡಿಸಬೇಡಿ. ಕುಮಟೆಯಲ್ಲಿ ನಿಮ್ಮ ಮಾವನವರು ಭಜನೆಗೆ ಹಾರ್ಮೋನಿಯಂ ನುಡಿಸುತ್ತಾರೆಂದು ನೀವೇ ಒಮ್ಮೆ ಬರೆದಿದ್ದಿರಿ. ಮೊದಲು ಅವರ ಶ್ರುತಿ ಯಾವುದೆಂದು ಕೇಳಿ ಮಗನಿಗೆ ತಿಳಿಸಿ. ಶನಿವಾರದ ತಕರಾರಿಗೆ ಕಾರವಾರದ ಹಿರಿಯರು ಹೇಳಿದ್ದೇ ಸರಿ.

ಈ ಸಲದ ದೊಡ್ಡಹಬ್ಬಕ್ಕೆ ಅಪ್ಪಚ್ಚಿ ಆಗಲೇ ಹಾಡಿ ಕಳಿಸಿದ್ದಾನೆ, ಝಂಪೆಯಲ್ಲಿ. ಹತ್ತು ಅಕ್ಷರ. ಮಗಳು ಈಗ ಕಾಲೇಜಿನ ಹಾಸ್ಟೆಲಿನಲ್ಲಿದ್ದಾಳೆ. ಕೋಣೆಯ ಜೊತೆಗಾತಿ ಮಲಗಿದ ಮೇಲೆ ತೊಡೆಯ ಮೇಲೆ ಬೆರಳು ಬಡಿದುಕೊಂಡು ಎಣಿಸುತ್ತಿದ್ದೇನೆ ಎಂದು ನಿನ್ನೆ ರಾತ್ರಿ ಸಂದೇಶ ಕಳಿಸಿದ್ದಳು. ಎರಡು ಸಲ ಒಂಬತ್ತಕ್ಕೇ ಮುಗಿಯಿತಂತೆ.