ಕಿಟಕಿಯ ಕಡೆಗೆ ವಾಲಿರುವ ರಬ್ಬರ್ ಗಿಡವನ್ನು ನೇರಗೊಳಿಸುವುದು ಹೇಗೆ?

ಪ್ರಶ್ನೆ – ಬಿಜೈ ಬಾಲ್ಕನಿ, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಬಿಜೈಯ ಅಪಾರ್ಟ್‌ಮೆಂಟ್ ಒಂದರ ಮೂರನೆಯ ಮಹಡಿಯ ಮನೆ. ಎರಡು ವರ್ಷಗಳ ಹಿಂದೆ ನರ್ಸರಿಯಿಂದ ತಂದ ರಬ್ಬರ್ ಗಿಡವೊಂದು ಚಾವಡಿಯಲ್ಲಿ, ಉತ್ತರ ದಿಕ್ಕಿನ ಕಿಟಕಿಯಿಂದ ಸುಮಾರು ಆರು ಅಡಿ ದೂರದಲ್ಲಿದೆ. ಸುಳ್ಯ, ಬೆಳ್ತಂಗಡಿಯ ತೋಟಗಳಲ್ಲಿ ಟ್ಯಾಪಿಂಗ್ ಮಾಡುವ ರಬ್ಬರ್ ಮರವಲ್ಲ ಇದು. ದಪ್ಪ ದಪ್ಪ ಕಡುಹಸಿರು ಎಲೆಗಳ, ಅಲಂಕಾರಕ್ಕೆಂದು ಮಾರುವ ಗಿಡ. ತರುವಾಗ ಒಂದೂವರೆ ಅಡಿಯಿದ್ದದ್ದು ಈಗ ನಾಲ್ಕು ಅಡಿಯಾಗಿದೆ, ಆದರೆ ಬೆಳೆದದ್ದೆಲ್ಲ ಕಿಟಕಿಯ ಕಡೆಗೇ. ಕುಂಡಕ್ಕೆ ಒಂದು ಬದಿಯಿಂದ ಇಟ್ಟಿಗೆ ಒತ್ತಿ ಇಡದಿದ್ದರೆ ಮಗುಚಿ ಬೀಳುತ್ತದೆ.

ಮಾರ್ಚ್ ತಿಂಗಳಿನಲ್ಲಿ ಬಿದಿರಿನ ಕೋಲು ಊರಿ, ಕಾಂಡವನ್ನು ಪ್ಲಾಸ್ಟಿಕ್ ಹಗ್ಗದಿಂದ ಬಿಗಿಯಾಗಿ ಕಟ್ಟಿದ್ದೆ. ಮೂರು ತಿಂಗಳ ಬಳಿಕ ಬಿಚ್ಚಿದಾಗ ಗಿಡ ಹಿಂದಿನಂತೆಯೇ ಬಾಗಿತು. ಹಗ್ಗ ಕಚ್ಚಿದ ಕಡೆ ಗಾಯವೂ ಉಳಿಯಿತು. ಮಳೆಗಾಲ ಹಿಡಿದ ಮೇಲೆ ಕೆಳಗಿನ ಮೂರು ಎಲೆಗಳು ಹಳದಿಯಾಗಿ ಉದುರಿವೆ. ಹಳೆಯ ಎಲೆಗಳ ನಡುವೆ ಎರಡು ಬೆರಳಿನಷ್ಟು ಅಂತರವಿದ್ದರೆ, ಹೊಸ ಎಲೆಗಳ ನಡುವೆ ನಾಲ್ಕು ಬೆರಳು ಸಲೀಸಾಗಿ ಹಿಡಿಯುತ್ತವೆ. ದಿನಕ್ಕೊಂದು ಲೋಟ ನೀರು ಹಾಕುತ್ತೇನೆ, ಗೊಬ್ಬರ ಕೊಟ್ಟಿಲ್ಲ. ತುದಿಯನ್ನು ಕತ್ತರಿಸಿಬಿಡು ಎಂದು ಅತ್ತೆಯವರು ಹೇಳುತ್ತಿದ್ದಾರೆ. ನನಗೆ ಕತ್ತರಿ ಇಡಲು ಮನಸ್ಸು ಬರುತ್ತಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ – ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ, ಉಡುಪಿ

ಇನ್ನೊಂದು ಕೋಲು ಹುಡುಕುವ ಮೊದಲು, ಓರೆ ಎಲ್ಲಿಂದ ಆರಂಭವಾಗಿದೆ ಎಂಬುದನ್ನು ತಾವು ನೋಡಬೇಕು. ಬುಡ ನೇರವಾಗಿದ್ದು, ಮೇಲಿನ ಕಾಂಡ ಮಾತ್ರ ಬಿಲ್ಲಿನಂತೆ ಬಾಗಿದ್ದರೆ ಅದು ಬೆಳಕಿನ ಕಾರಣ. ಮಣ್ಣಿನ ಮಟ್ಟದಿಂದಲೇ ಇಡೀ ಗಿಡ ಓರೆಯಾಗಿದ್ದು, ಬುಡವನ್ನು ಎರಡು ಬೆರಳುಗಳಿಂದ ಹಿಡಿದು ಮೆಲ್ಲನೆ ಅಲುಗಿಸಿದಾಗ ಸಡಿಲವೆನಿಸಿದರೆ ಅದು ಬೇರಿನ ಕಾರಣ. ಎರಡರ ಮದ್ದೂ ಬೇರೆ ಬೇರೆ. ನಮ್ಮವರು ಎರಡಕ್ಕೂ ಕೋಲನ್ನೇ ಕಟ್ಟುತ್ತಾರೆ, ಆಮೇಲೆ ಗಿಡದ ಹಣೆಬರಹವನ್ನು ದೂರುತ್ತಾರೆ.

ತಾವು ಬರೆದ ಎಲೆಗಳ ಅಂತರದ ವಿವರದಿಂದ ಬೆಳಕಿನ ಕೊರತೆಯಂತೂ ಖಚಿತವಾಗಿ ತಿಳಿಯುತ್ತದೆ. ಕತ್ತಲೆಯಲ್ಲಿರುವ ಗಿಡ ಎಲೆ ಬಿಡುವುದಕ್ಕಿಂತ ಹೆಚ್ಚು ಶಕ್ತಿಯನ್ನು ಕಾಂಡ ಚಾಚುವುದಕ್ಕೆ ಖರ್ಚು ಮಾಡುತ್ತದೆ, ಅದರಿಂದ ಕಾಂಡ ಸಪೂರವಾಗಿ ಉದ್ದವಾಗುತ್ತದೆ. ಬಾಗುವ ಬಗೆ ಇನ್ನೂ ಸ್ವಾರಸ್ಯಕರವಾದದ್ದು. ಚಾರ್ಲ್ಸ್ ಡಾರ್ವಿನ್ ತಮ್ಮ ಮಗ ಫ್ರಾನ್ಸಿಸ್ ಅವರೊಂದಿಗೆ ಹುಲ್ಲಿನ ಮೊಳಕೆಗಳ ತುದಿಗೆ ಟೊಪ್ಪಿ ಹಾಕಿ ನೋಡಿ, ತುದಿ ಮುಚ್ಚಿದ ಮೊಳಕೆ ಬೆಳಕಿನತ್ತ ಬಾಗುವುದಿಲ್ಲವೆಂದು 1880ರಲ್ಲಿ ಪ್ರಕಟಿಸಿದರು. ಅಂದರೆ ಬೆಳಕನ್ನು ಗ್ರಹಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ತುದಿಯಿಂದ ಕೆಳಗಿಳಿಯುವ ಆ ಸಂದೇಶವು ಒಂದು ರಾಸಾಯನಿಕವೆಂಬುದನ್ನು 1920ರ ದಶಕದಲ್ಲಿ ಹಾಲೆಂಡಿನ ಫ್ರಿಟ್ಸ್ ವೆಂಟ್ ತೋರಿಸಿಕೊಟ್ಟರು. ಅದೇ ಆಕ್ಸಿನ್. ಬೆಳಕು ಒಂದೇ ಬದಿಯಿಂದ ಬಂದಾಗ ಆಕ್ಸಿನ್ ನೆರಳಿನ ಬದಿಯಲ್ಲಿ ಹೆಚ್ಚಾಗಿ ಸೇರಿಕೊಳ್ಳುತ್ತದೆ, ಅಲ್ಲಿಯ ಜೀವಕೋಶಗಳು ಹೆಚ್ಚು ಉದ್ದವಾಗುತ್ತವೆ, ಕಾಂಡ ಬೆಳಕಿನ ಕಡೆಗೆ ಮಣಿಯುತ್ತದೆ. ಗಿಡವನ್ನು ಕಿಟಕಿ ಎಳೆಯುತ್ತಿದೆ ಎಂದು ನಮಗೆ ತೋರುತ್ತದೆ. ವಾಸ್ತವದಲ್ಲಿ ಕತ್ತಲೆಯ ಬದಿ ಅದನ್ನು ತಳ್ಳುತ್ತಿರುತ್ತದೆ.

ಇದರಿಂದ ತಿಳಿಯುವುದೇನೆಂದರೆ, ಬಾಗಿ ಬೆಳೆದು ಈಗಾಗಲೇ ಕಟ್ಟಿಗೆಯಂತೆ ಗಟ್ಟಿಯಾದ ಭಾಗ ಮರಳಿ ನೇರವಾಗುವುದಿಲ್ಲ. ಎಳೆಯ ತುದಿಯನ್ನು ಮಾತ್ರ ನಾವು ತಿದ್ದಬಹುದು. ಕುಂಡವನ್ನು ಕಿಟಕಿಯಿಂದ ಒಂದೆರಡು ಅಡಿಯೊಳಗೆ ತಂದು, ವಾರಕ್ಕೊಮ್ಮೆ ಕಾಲು ಸುತ್ತಿನಂತೆ ಒಂದೇ ದಿಕ್ಕಿಗೆ ತಿರುಗಿಸುತ್ತ ಬನ್ನಿ. ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಇದ್ದರೆ ಗಿಡ ಈಗಿರುವ ಸ್ಥಳದಲ್ಲೂ ಕಿಟಕಿಯ ಬಳಿಯಲ್ಲೂ ಅಳೆದು ಹೋಲಿಸಿರಿ; ಅಂಕಿ ನಿಖರವಾಗಿರಲಾರದು, ಆದರೆ ಎರಡರ ನಡುವಿನ ವ್ಯತ್ಯಾಸ ಕಣ್ತೆರೆಸುವಂತಿರುತ್ತದೆ. ನಮ್ಮ ಕಣ್ಣು ಮಂದ ಬೆಳಕಿಗೆ ಬೇಗ ಒಗ್ಗಿಕೊಳ್ಳುವುದರಿಂದ, ಚಾವಡಿಯಲ್ಲಿ ಬೇಕಾದಷ್ಟು ಬೆಳಕಿದೆ ಎಂದು ನಾವು ಸುಮ್ಮನೆ ನಂಬಿರುತ್ತೇವೆ.

ದಿಕ್ಕಿನ ವಿಷಯದಲ್ಲಿ ಒಂದು ಮಾತು. ಮಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಮ್ಮ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆದರೆ ಆ ಅವಧಿಯ ಅರ್ಧಕ್ಕಿಂತ ಹೆಚ್ಚು ದಿನ ಮಳೆಮೋಡ ಕವಿದಿರುವುದರಿಂದ ತಮ್ಮ ಉತ್ತರದ ಕಿಟಕಿಗೆ ಅದರ ಲಾಭ ಅಷ್ಟಕ್ಕಷ್ಟೇ. ಡಿಸೆಂಬರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ಸರಿದು, ದಕ್ಷಿಣದ ಕಿಟಕಿಗಳ ಒಳಗೆ ಬಿಸಿಲು ಚೆಲ್ಲುತ್ತದೆ. ದೀಪಾವಳಿ ಕಳೆದ ಮೇಲೆ ಗಿಡವನ್ನು ಅತ್ತ ಸಾಗಿಸಬಹುದು, ಆದರೆ ಒಮ್ಮೆಗೇ ಬಿಸಿಲಿಗೆ ಒಡ್ಡಬಾರದು; ನೆರಳಿನಲ್ಲಿ ಬೆಳೆದ ಎಲೆ ಸುಟ್ಟು ಕಂದು ಮಚ್ಚೆ ಬೀಳುತ್ತದೆ. ಎರಡು ವಾರಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹತ್ತಿರ ತರಬೇಕು.

ದಿನಕ್ಕೊಂದು ಲೋಟ ನೀರು ಆಷಾಢದಲ್ಲಿ ತೀರಾ ಹೆಚ್ಚಾಯಿತು. ಎರಡು ಇಂಚು ಆಳದವರೆಗೆ ಮಣ್ಣು ಒಣಗಿದ ಬಳಿಕವಷ್ಟೇ ನೀರು ಹಾಕಿ.

ಉತ್ತರ – ಮಲ್ಲಿಗೆ ತೋಟದವರು, ಶಂಕರಪುರ

ಮೇಷ್ಟ್ರು ಹೇಳಿದ್ದು ಸರಿಯೇ, ಆದರೆ ಕೋಲಿನ ವಿಷಯದಲ್ಲಿ ನಾನು ಅವರನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ನಾಲ್ಕು ಅಡಿ ಎತ್ತರದ, ಅಷ್ಟು ಭಾರದ ಎಲೆಗಳನ್ನು ಹೊತ್ತ ಗಿಡವು ತಾನಾಗಿ ನಿಲ್ಲುವ ಶಕ್ತಿ ಪಡೆಯುವವರೆಗೆ ಒಂದು ಆಧಾರ ಬೇಕು. ತಪ್ಪಾದದ್ದು ಕೋಲು ಊರಿದ್ದಲ್ಲ, ಅದನ್ನು ಕಟ್ಟಿದ ರೀತಿ. ಪ್ಲಾಸ್ಟಿಕ್ ಹಗ್ಗದ ಬದಲು ಹಳೆಯ ಹತ್ತಿ ಬಟ್ಟೆಯ ಪಟ್ಟಿಯನ್ನೋ ನೆನೆಸಿದ ಬಾಳೆನಾರನ್ನೋ ತೆಗೆದುಕೊಂಡು, ಕೋಲಿಗೆ ಒಂದು ಸುತ್ತು, ನಡುವೆ ಒಂದು ಅಡ್ಡ, ಕಾಂಡಕ್ಕೆ ಇನ್ನೊಂದು ಸುತ್ತು, ಹೀಗೆ ಎಂಟರ ಅಂಕಿಯ ಆಕಾರದಲ್ಲಿ ಸಡಿಲವಾಗಿ ಕಟ್ಟಬೇಕು. ಕಾಂಡ ಗಾಳಿಗೆ ತುಸು ಆಡುವಂತಿರಲಿ. ಅಲುಗಾಟಕ್ಕೆ ಒಡ್ಡಿಕೊಂಡ ಕಾಂಡ ದಪ್ಪವಾಗುತ್ತದೆ. ಬಿಗಿದು ಕಟ್ಟಿದ ಕಾಂಡ ಎಲ್ಲವನ್ನೂ ಕೋಲಿಗೇ ಬಿಟ್ಟುಕೊಡುತ್ತದೆ. ಒಮ್ಮೆಗೇ ನೇರಕ್ಕೆ ಎಳೆಯದೆ, ಹದಿನೈದು ದಿನಕ್ಕೊಮ್ಮೆ ಅರ್ಧ ಇಂಚಿನಷ್ಟು ಬಿಗಿಸುತ್ತ ಹೋದರೆ ಸಾಕು.

ಮಣ್ಣಿನ ವಿಚಾರಕ್ಕೆ ಬಂದರೆ, ನಮ್ಮ ಕರಾವಳಿಯ ಕೆಂಪುಮಣ್ಣನ್ನು ಬರಿದಾಗಿ ಕುಂಡಕ್ಕೆ ತುಂಬಿದರೆ ಮಳೆಗಾಲದಲ್ಲಿ ಅಂಟಾಗಿ, ಬೇಸಗೆಯಲ್ಲಿ ಇಟ್ಟಿಗೆಯಂತಾಗಿ ಬೇರಿಗೆ ಉಸಿರಾಡಲು ಬಿಡುವುದಿಲ್ಲ. ಎರಡು ಪಾಲು ಕೆಂಪುಮಣ್ಣು ಅಥವಾ ಸುಡುಮಣ್ಣು, ಒಂದು ಪಾಲು ತೆಂಗಿನ ನಾರಿನ ಹುಡಿ, ಒಂದು ಪಾಲು ಹೊಳೆಯ ಹೊಯಿಗೆ, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಸೇರಿಸಿ. ಸಮುದ್ರದ ಹೊಯಿಗೆ ಬೇಡ, ಅದರಲ್ಲಿ ಉಪ್ಪಿರುತ್ತದೆ. ತಳಕ್ಕೆ ನಾಲ್ಕು ಬೆರಳು ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ.

ಉತ್ತರ – ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ, ಉಡುಪಿ

ಕೋಲಿನ ವಿಷಯದಲ್ಲಿ ತಾವು ಹೇಳಿದ್ದನ್ನು ಒಪ್ಪುತ್ತೇನೆ. ಜಲ್ಲಿಯ ವಿಷಯದಲ್ಲಿ ಮಾತ್ರ ಇಲ್ಲ. ಸಣ್ಣ ಕಣಗಳ ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲೆಯೇ ಒಂದು ಒದ್ದೆ ಪದರ ನಿಂತು, ಅದು ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ತಳದ ತೂತಿನ ಮೇಲೆ ಮಣ್ಣು ಜಾರದಂತೆ ಹಂಚಿನ ಚೂರೊಂದನ್ನು ಬೋರಲಾಗಿ ಇಟ್ಟರೆ ಸಾಕು.

ಬಿಜೈ ಬಾಲ್ಕನಿ, ಮಂಗಳೂರು

ಇಬ್ಬರಿಗೂ ಧನ್ಯವಾದಗಳು. ಅಳೆದು ನೋಡಿದೆ. ಮೋಡ ಕವಿದಿದ್ದ ಬೆಳಿಗ್ಗೆ ಹನ್ನೊಂದು ಗಂಟೆಗೆ ಕಿಟಕಿಯ ಬಳಿ ಮೊಬೈಲ್ 1,400 ಲಕ್ಸ್ ತೋರಿಸಿತು. ಗಿಡವಿದ್ದ ಮೂಲೆಯಲ್ಲಿ 180 ಮಾತ್ರ. ನನಗೆ ಎರಡೂ ಜಾಗ ಬಹುತೇಕ ಒಂದೇ ಎಂದು ಕಾಣುತ್ತಿತ್ತು.

ಆದರೆ ಬುಡವನ್ನು ಅಲುಗಿಸಿದಾಗ ಅದೂ ಸಡಿಲವಾಗಿತ್ತು. ನಿನ್ನೆ ಕುಂಡದಿಂದ ಗಿಡವನ್ನು ತೆಗೆದು ನೋಡಿದರೆ, ನರ್ಸರಿಯ ಕಪ್ಪು ಪ್ಲಾಸ್ಟಿಕ್ ತೊಟ್ಟೆ ಹಾಗೆಯೇ ಇತ್ತು! ಕುಂಡಕ್ಕೆ ನೆಟ್ಟುಕೊಟ್ಟವರು ತಳವನ್ನು ಮಾತ್ರ ಸೀಳಿ, ತೊಟ್ಟೆಯ ಸಮೇತ ಇಳಿಸಿ, ಸುತ್ತ ಮಣ್ಣು ತುಂಬಿದ್ದರು. ಬೇರುಗಳು ತೊಟ್ಟೆಯ ಒಳಗೇ ಸುತ್ತು ಹೊಡೆದು ಚಂಡಿನಂತಾಗಿವೆ. ಕೆಳಗಿನ ಕೆಲವು ಕಪ್ಪಾಗಿ, ಮೆತ್ತಗಾಗಿ, ಕೆಟ್ಟ ವಾಸನೆ ಬರುತ್ತಿದೆ. ಎರಡು ವರ್ಷ ನಾನು ಸುತ್ತಲಿನ ಮಣ್ಣಿಗೆ ನೀರು ಹಾಕಿದ್ದೇ ಬಂತು. ಈಗೇನು ಮಾಡಲಿ?

ಉತ್ತರ – ಮಲ್ಲಿಗೆ ತೋಟದವರು, ಶಂಕರಪುರ

ಇದು ಹೊಸ ಸಂಗತಿಯಲ್ಲ. ಸಾಗಿಸುವಾಗ ಮಣ್ಣು ಉದುರದಿರಲಿ ಎಂದು ತೊಟ್ಟೆ ಬಿಡುತ್ತಾರೆ, ಆಮೇಲೆ ಮರೆಯುತ್ತಾರೆ. ಕಪ್ಪಾದ ಬೇರುಗಳನ್ನು ಶುದ್ಧಗೊಳಿಸಿದ ಕತ್ತರಿಯಿಂದ ಬಿಳಿಯ ಭಾಗ ಸಿಗುವವರೆಗೆ ಕತ್ತರಿಸಿ. ಸುತ್ತಿಕೊಂಡ ಬೇರುಗಳನ್ನು ಬೆರಳಿನಿಂದ ಬಿಡಿಸಿ. ಬಿಡಿಸಲಾಗದಿದ್ದರೆ ಚಂಡಿನ ಬದಿಗಳಲ್ಲಿ ಮೇಲಿನಿಂದ ಕೆಳಕ್ಕೆ ಮೂರು ನಾಲ್ಕು ಕಡೆ ಅರ್ಧ ಇಂಚು ಆಳಕ್ಕೆ ಗೀರಿ, ಆಗ ಹೊಸ ಬೇರು ಹೊರಗಡೆಗೆ ಹೊರಡುತ್ತದೆ. ದೊಡ್ಡ ಕುಂಡ ತರುವ ಆಸೆ ಬೇಡ. ಬೇರಿನ ಚಂಡಿಗಿಂತ ಎರಡು ಇಂಚು ಅಗಲವಿದ್ದರೆ ಸಾಕು; ಹೆಚ್ಚಿನ ಮಣ್ಣು ಹೆಚ್ಚು ನೀರು ಹಿಡಿದಿಟ್ಟು ಮತ್ತೆ ಕೊಳೆಸುತ್ತದೆ. ಮಣ್ಣಿನ ಕುಂಡವಾದರೆ ಉತ್ತಮ, ಭಾರವಿರುವುದರಿಂದ ಮಗುಚುವುದೂ ಇಲ್ಲ.

ನೆಡುವಾಗ ಒಂದು ಉಪಾಯವಿದೆ. ಬೇರಿನ ಚಂಡನ್ನೇ ತುಸು ಓರೆಯಾಗಿ ಇಟ್ಟು, ಕಾಂಡದ ಮೇಲ್ಭಾಗ ನೇರವಾಗಿ ನಿಲ್ಲುವಂತೆ ಮಾಡಿ. ಬುಡದಲ್ಲಿ ಸಣ್ಣ ಕೊಂಕು ಉಳಿಯುತ್ತದೆ, ಉಳಿಯಲಿ. ಕೋಲನ್ನು ಈಗಲೇ, ಮಣ್ಣು ತುಂಬುವ ಮೊದಲೇ ನಿಲ್ಲಿಸಿರಿ. ಆಮೇಲೆ ಊರಿದರೆ ಬೇರಿಗೆ ಪೆಟ್ಟಾಗುತ್ತದೆ. ಹೊಸ ಚಿಗುರು ಕಾಣುವವರೆಗೆ ರಸಗೊಬ್ಬರ ಹಾಕಬೇಡಿ.

ಉತ್ತರ – ಐದನೆಯ ಮಹಡಿ, ಮಣಿಪಾಲ

ನಮ್ಮ ಮನೆಯಲ್ಲೂ ಮಳೆಗಾಲದ ಮೂರು ತಿಂಗಳು ಇದೇ ಪಾಡು. ಕಿಟಕಿಯ ಬಳಿ ಜಾಗವಿಲ್ಲದವರು ಸಾಮಾನ್ಯ ಬಿಳಿ ಎಲ್‌ಇಡಿ ದೀಪವನ್ನೂ ಬಳಸಬಹುದು, ನೇರಳೆ ಬಣ್ಣದ ದುಬಾರಿ ದೀಪಗಳೇ ಆಗಬೇಕೆಂದಿಲ್ಲ. ಬೆಳಕಿನತ್ತ ಬಾಗುವಂತೆ ಮಾಡುವುದು ಮುಖ್ಯವಾಗಿ ನೀಲಿ ಅಂಶ, ಅದು ಬಿಳಿ ದೀಪದಲ್ಲಿ ಇರುತ್ತದೆ. ಆದುದರಿಂದಲೇ ದೀಪವನ್ನು ಪಕ್ಕದಲ್ಲಿ ಇಡದೆ ಗಿಡದ ತಲೆಯ ಮೇಲೆ, ಒಂದರಿಂದ ಒಂದೂವರೆ ಅಡಿ ಎತ್ತರದಲ್ಲಿ ತೂಗಿಸಬೇಕು. ನಾನು ಟೈಮರ್ ಹಾಕಿ ದಿನಕ್ಕೆ 12 ಗಂಟೆ ಉರಿಸುತ್ತೇನೆ. ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆಗಳ ಎರಡೂ ಬದಿಯ ಧೂಳು ಒರೆಸುತ್ತೇನೆ.

ಇನ್ನೊಂದು ವಿಷಯವನ್ನು ಯಾರೂ ಹೇಳಲಿಲ್ಲ. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡಬೇಡಿ. ಡೆಂಗಿ ಹರಡುವ ಸೊಳ್ಳೆಗೆ ಅಷ್ಟು ನೀರು ಧಾರಾಳವಾಗಿ ಸಾಕು, ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನಗಳಷ್ಟೇ ಬೇಕು. ವಾರಕ್ಕೊಮ್ಮೆಯಾದರೂ ತಟ್ಟೆಯನ್ನು ಖಾಲಿ ಮಾಡಿ, ಉಜ್ಜಿ ತೊಳೆಯಿರಿ; ಮೊಟ್ಟೆಗಳು ಅಂಚಿಗೆ ಅಂಟಿಕೊಂಡಿರುವುದರಿಂದ ನೀರು ಚೆಲ್ಲಿದರಷ್ಟೇ ಸಾಲದು.

ಉತ್ತರ – ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ, ಉಡುಪಿ

ತೊಟ್ಟೆಯ ಸುದ್ದಿ ಓದಿ ಬೇಸರವಾಯಿತು. ಆದರೆ ಇದು ಗಟ್ಟಿ ಜಾತಿಯ ಗಿಡ. ಆಲ, ಅತ್ತಿಗಳ ಕುಲದ್ದು. ಮೇಘಾಲಯದಲ್ಲಿ ಇದೇ ಜಾತಿಯ ಮರದ ಬಿಳಲುಗಳನ್ನು ಹೊಳೆಯ ಮೇಲೆ ಹೆಣೆದು ಜೀವಂತ ಸೇತುವೆಗಳನ್ನು ಬೆಳೆಸಿದ್ದಾರೆ. ಸ್ವಲ್ಪ ಬೇರು ಕತ್ತರಿಸಿದ ಮಾತ್ರಕ್ಕೆ ಅದು ಸಾಯುವುದಿಲ್ಲ.

ಕಾಂಡದ ಮೇಲಿನ ಅರ್ಧ ತೀರಾ ಬಾಗಿ ಗಟ್ಟಿಯಾಗಿದ್ದರೆ, ತಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ತುದಿಯಿಂದ ಇಳಿಯುವ ಆಕ್ಸಿನ್ ಪಕ್ಕದ ಮೊಗ್ಗುಗಳನ್ನು ತಡೆದಿರುತ್ತದೆ. ತುದಿ ಹೋದೊಡನೆ ಅವು ಎಚ್ಚೆತ್ತು ಕವಲೊಡೆಯುತ್ತವೆ, ಗಿಡ ಪೊದೆಯಂತೆ ತುಂಬಿಕೊಳ್ಳುತ್ತದೆ. ಕತ್ತರಿಸಿ ಎಸೆಯುವ ಬದಲು ಗೂಟಿ ಕಟ್ಟುವುದು, ಅಂದರೆ ಕಾಂಡ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ ಆಮೇಲೆ ಬೇರ್ಪಡಿಸುವುದು ಲೇಸು. ಆದರೆ ಬೇರಿನ ಶಸ್ತ್ರಚಿಕಿತ್ಸೆ ಮತ್ತು ಗೂಟಿ ಎರಡನ್ನೂ ಒಂದೇ ವಾರ ಮಾಡಬಾರದು. ಹೊಸ ಎಲೆಯೊಂದು ಬಿಚ್ಚಿದ ಮೇಲೆ, ಬಾಗಿದ ಭಾಗದ ಕೆಳಗೆ ಒಂದು ಇಂಚು ಅಗಲದ ತೊಗಟೆಯನ್ನು ಉಂಗುರದಂತೆ ತೆಗೆದು, ಒಸರುವ ಹಾಲನ್ನು ಒರೆಸಿ, ಹಿಂಡಿದ ತೆಂಗಿನ ನಾರಿನ ಹುಡಿಯನ್ನು ಮುಷ್ಟಿಯಷ್ಟು ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಎರಡೂ ಕಡೆ ಕಟ್ಟಿರಿ. ನಮ್ಮ ಮಳೆಗಾಲದ ತೇವಾಂಶ ಇದಕ್ಕೆ ಹೇಳಿ ಮಾಡಿಸಿದಂತಿದೆ. ಹಾಳೆಯೊಳಗೆ ಬೇರು ಚೆನ್ನಾಗಿ ಕಂಡ ಮೇಲೆ ಅದರ ಕೆಳಗೆ ಕತ್ತರಿಸಿ ನೆಡಬಹುದು. ಆ ಬಿಳಿ ಹಾಲು ಚರ್ಮಕ್ಕೆ ತುರಿಕೆ ತರುತ್ತದೆ, ಬಟ್ಟೆಗೆ ಬಿದ್ದರೆ ಕಲೆ ಹೋಗುವುದಿಲ್ಲ, ಕೈಗವಸು ಹಾಕಿಕೊಳ್ಳಿ.

ಬಿಜೈ ಬಾಲ್ಕನಿ, ಮಂಗಳೂರು

ದೀಪಾವಳಿ ಕಳೆದು ಬರೆಯುತ್ತಿದ್ದೇನೆ. ಮರುನೆಟ್ಟ ಮೇಲೆ ಇನ್ನೂ ಎರಡು ಎಲೆ ಉದುರಿದಾಗ ಗಿಡದ ಆಸೆ ಬಿಟ್ಟಿದ್ದೆ. ಐದನೆಯ ವಾರದಲ್ಲಿ ಕೆಂಪು ಕವಚದೊಳಗಿಂದ ಹೊಸ ಎಲೆ ಬಿಚ್ಚಿತು. ಗಣೇಶ ಚೌತಿಯ ಹೊತ್ತಿಗೆ ಗೂಟಿ ಕಟ್ಟಿದೆ, ಏಳನೆಯ ವಾರ ಹಾಳೆಯೊಳಗೆ ಬಿಳಿ ಬೇರು ಕಂಡಿತು. ಕತ್ತರಿಸುವ ಕೆಲಸವನ್ನು ಅತ್ತೆಯವರೇ ಮಾಡಿದರು. ಹಳೆಯ ಕಾಂಡದಲ್ಲಿ ಈಗ ಎರಡು ಕವಲು ಮೂಡಿವೆ, ಎರಡೂ ನೆಟ್ಟಗಿವೆ. ಬುಡದ ಕೊಂಕು ಹಾಗೆಯೇ ಇದೆ. ಗೂಟಿಯ ಗಿಡ ದಕ್ಷಿಣದ ಬಾಲ್ಕನಿಯಲ್ಲಿದ್ದು, ಬೆಳಗಿನ ಬಿಸಿಲಿಗೆ ದಿನಕ್ಕೆ ಅರ್ಧ ಗಂಟೆಯಂತೆ ಒಗ್ಗಿಸುತ್ತಿದ್ದೇನೆ. ನೆಡುವ ಮೊದಲು ಹಾಳೆಯನ್ನು ಪೂರ್ತಿಯಾಗಿ ಬಿಡಿಸಿದ್ದೇನೆಯೇ ಎಂದು ಎರಡು ಸಲ ನೋಡಿಕೊಂಡೆ.