ಸುರಪುರ 1858: ಬೇಡರು ಡೇರೆ ಮುಟ್ಟೂದ್ರೊಳಗ ಆಟ ಮುಗೀತದ, ಏನು ಬದಲಿಸಬೇಕು?

ಶಹಾಪುರ ದಾಳ:
1858ರ ಫೆಬ್ರವರಿ 7ರ ರಾತ್ರಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಬೇಡ ಪಡೆ ಬ್ರಿಟಿಷ್ ಕ್ಯಾಪ್ಟನ್ ವಿಂಡಮ್‌ನ ಕ್ಯಾಂಪಿನ ಮ್ಯಾಲೆ ಬಿದ್ದ ದಾಳಿ ಇದು. ಅದನ್ನ ಟೇಬಲ್ ಮ್ಯಾಲೆ ಸಣ್ಣ ಗೊಂಬಿ ಇಟ್ಟು, ದಾಳ ಹಾಕಿ ಯುದ್ಧದ ಆಟ ಮಾಡೀನಿ. ಟೇಬಲ್ 4×4 ಅಡಿ, ಗೊಂಬಿ 20 ಮಿ.ಮೀ. ಕಂಪನಿ ಕಡೆ ಹತ್ತತ್ತು ಸಿಪಾಯಿಗಳ 2 ತುಕಡಿ, ಬೇಡರ ಕಡೆ 12 ಮಂದಿಯ 3 ತುಕಡಿ. ನಡಿಗೆ 6 ಇಂಚು, ಬಂದೂಕು 24 ಇಂಚು, ಆಳಿಗೊಂದು ದಾಳ, 5 ಇಲ್ಲಾ 6 ಬಿದ್ರ ಗುರಿ. ಮೂರ್ನಾಲ್ಕು ಸುತ್ತಿನಾಗ ಬೇಡರು ಖಾಲಿ. ಇನ್ನೊಂದು ತುಕಡಿ ಕೊಟ್ಟರೂ ಅಷ್ಟೇ. ಇನ್ನೊಂದು, ಗುಡ್ಡದ ಕಲ್ಲುಬಂಡಿ ಥರ್ಮಾಕೋಲ್‌ನಾಗ ಮಾಡೀನಿ, ಅದಕ್ಕ ಬಣ್ಣದ ಸ್ಪ್ರೇ ಹೊಡದ್ರ ಕರಗಿ ಹೋಗ್ತದ. ಏನು ಮಾಡ್ಬೇಕ್ರಿ?

ಕೋಟಿ ಕಾವಲು:
ಮಂದಿ ಹೆಚ್ಚು ಮಾಡಬ್ಯಾಡ್ರಿ, ಬೆಳಕು ಕಡಿಮಿ ಮಾಡ್ರಿ. ಲೆಕ್ಕ ನೋಡ್ರಿ: 10 ದಾಳಕ್ಕ ಸರಾಸರಿ 3 ಗುರಿ. 24 ಇಂಚು ದಾಟಾಕ 4 ನಡಿಗೆ ಬೇಕು. ನಾಲ್ಕು ಸಲ ಗುಂಡು ಬಿದ್ರ 13 ಮಂದಿ ಹೋಗ್ತಾರ, ತುಕಡಿಯಾಗ ಇರೂದೇ 12.

ರಾತ್ರಿ ಕಣ್ಣಿಗೆ ಕಾಣೂದು 8 ಇಂಚು ಅಷ್ಟೇ ಅಂತ ಇಡ್ರಿ. ಒಂದ್ಸಲ ಹೊಡದ ತುಕಡಿ ಮುಂದಿನ ಸುತ್ತು ಮದ್ದು ತುಂಬಬೇಕು, ಹೊಡ್ಯಾಕ ಬರಂಗಿಲ್ಲ. ಆವಾಗ ಮುಟ್ಟೂದ್ರೊಳಗ ಒಂದೇ ಸಲ ಗುಂಡು ಬೀಳ್ತದ, ಎಂಟೊಂಬತ್ತು ಮಂದಿ ಕತ್ತಿ ಹಿಡ್ಕೊಂಡು ಒಳಗ ಬರ್ತಾರ. ಕೈಕೈ ಜಗಳದಾಗ ಬೇಡರಿಗೆ 4, 5, 6 ಯಾವ್ದು ಬಿದ್ರೂ ಗುರಿ ಕೊಡ್ರಿ. ಈಟಿ, ಕತ್ತಿ, ಢಾಲು ಅವರ ಕಸುಬು.

ಗುಂಡು ಹೊಡದವರ ಕಿಡಿ ಆ ಸುತ್ತು ಮುಗಿಯೂತನಕ 24 ಇಂಚಿನಿಂದ ಕಾಣಬೇಕು. ಬೇಡರ ಬತ್ತಿಕೋವಿಗೂ ಬೆಲಿ ಇರ್ಲಿ: ಉರಿಯೋ ಬತ್ತಿ ಕತ್ತಲಾಗ ಕೆಂಪಗ ಕಾಣ್ತದ, ಅದಕ್ಕ ಆ ತುಕಡಿ 12 ಇಂಚಿಗೇ ಕಾಣಬೇಕು. ಬತ್ತಿ ಆರಿಸಿ ನುಸುಳಬಹುದು, ಮತ್ತ ಹಚ್ಚಾಕ ಒಂದು ಸುತ್ತು ಹೋಗ್ತದ. ಆಟದ ರುಚಿ ಎಲ್ಲಾ ಈ ಒಂದು ನಿಯಮದಾಗ ಅದ.

ಬೇಡರನ್ನ ಗೊಂಬಿಯಾಗಿ ಇಡಬ್ಯಾಡ್ರಿ. 6 ರಟ್ಟಿನ ಬಿಲ್ಲಿ ಮಗುಚಿ ಇಡ್ರಿ: ಮೂರು ತುಕಡಿಯವು, ಮೂರು ಬರೇ ಖಾಲಿ. ಕಾವಲುಗಾರ 8 ಇಂಚಿನೊಳಗ 4 ಮ್ಯಾಲೆ ಹಾಕಿದ್ರ ಬಿಲ್ಲಿ ತಿರುವಬೇಕು. ಕೂಗು ಬಿದ್ದ ಮ್ಯಾಲೂ ಸಿಪಾಯಿಗಳು ಒಮ್ಮೆಲೆ ಸಾಲು ಕಟ್ಟಂಗಿಲ್ಲ. ಸುತ್ತಿಗೆ ಒಂದು ದಾಳ, ಬಿದ್ದಷ್ಟು ಮಂದಿ ಡೇರೆಯಿಂದ ಹೊರಗ.

ಬೀದರ ಬ್ರಷ್:
ಬಂಡಿ ಬಗ್ಗೆ. ಕರಗೂದು ಸ್ಪ್ರೇದಾಗಿನ ಥಿನ್ನರ್‌ನಿಂದ. ಮೊದಲು ಫೆವಿಕಾಲ್, ಗೋಡಿ ಪುಟ್ಟಿ ಸಮಸಮ ಕಲಿಸಿ, ನೀರು ಸ್ವಲ್ಪ ಹಾಕಿ ಎರಡು ಕೈ ಬಳೀರಿ. ತಳ ಬಿಡಬ್ಯಾಡ್ರಿ, ಅಲ್ಲಿಂದಲೇ ಥಿನ್ನರ್ ಒಳಗ ಹೋಗ್ತದ. ಒಣಗಿದ ಮ್ಯಾಲೆ ಬ್ರಷ್‌ನಿಂದ ಅಕ್ರಿಲಿಕ್. ಶಹಾಬಾದ ಕಲ್ಲಿನ ಚೂರು ಚಂದ ಕಾಣ್ತದ ಅಂತ ಇಡಬ್ಯಾಡ್ರಿ. ಅದು ಪದರ ಪದರ, ಸುರಪುರದ ಗುಡ್ಡದ ಬಂಡಿ ದುಂಡಗ. ಚಾಕುವಿನಿಂದ ಮೂಲಿ ಹೊಡದು, ಒರಟು ಉಪ್ಪುಕಾಗದ ತಿಕ್ಕಿದ್ರ ಸಾಕು.

ಗೊಂಬಿ ಮೆತ್ತನ ಪ್ಲಾಸ್ಟಿಕ್‌ದ್ದಾದ್ರ ಪಾತ್ರಿ ಸೋಪಿನ ನೀರಾಗ ತೊಳೀರಿ, ಇಲ್ಲಂದ್ರ ಈಟಿ ಬಾಗಿದಲ್ಲೆಲ್ಲ ಬಣ್ಣ ಪುಡಿ ಉದುರ್ತದ. ತಳಕ್ಕ ಎಂ10 ವಾಷರ್: ಅಗಲ 20 ಮಿ.ಮೀ., ತೂಕಾನೂ ಬರ್ತದ. ಏಪ್ರಿಲ್ ಮಧ್ಯಾಹ್ನ ಪ್ರೈಮರ್ (ಮೊದಲ ತಳಬಣ್ಣದ ಸ್ಪ್ರೇ) ಹೊಡೀಬ್ಯಾಡ್ರಿ, ಗಾಳಿಯಾಗೇ ಒಣಗಿ ಉಸುಕಿನಂಗ ಕೂಡ್ತದ.

ಶಹಾಪುರ ದಾಳ:
ಕಾವಲು ಅಣ್ಣಾರ, ಗೆಲುವು ಹೆಂಗ ಎಣಿಸೂದು? ಕ್ಯಾಂಪು ಆ ರಾತ್ರಿ ಬೀಳಲಿಲ್ಲಲ್ಲ.

ಕೋಟಿ ಕಾವಲು:
ಅದಕ್ಕೇ ಹೆಣ ಎಣಿಸಬಾರದು. 8 ಸುತ್ತು ಇಡ್ರಿ. ಬೇಡರಿಗೆ ಮದ್ದಿನ ಡೇರೆ ಸುಟ್ಟರ 3 ಅಂಕ, ಕುದುರಿ ಬಿಚ್ಚಿದ್ರ 2, ಅರ್ಧಕ್ಕಿಂತ ಹೆಚ್ಚು ಉಳಿದು ಟೇಬಲ್ ಬಿಟ್ಟ ತುಕಡಿಗೆ 1. ಐದು ಆದ್ರ ಬೇಡರದು. ಒಳಗ ಬರೂದಕ್ಕಿಂತ ಹೊರಗ ಹೋಗೂದು ಯಾವಾಗ ಅನ್ನೂದೇ ಆವಾಗ ಪ್ರಶ್ನೆ ಆಗ್ತದ.

ಮರುದಿನದ ಕಾಳಗ ಬೇರೆ ಆಟ ಮಾಡ್ರಿ. ಮದ್ರಾಸ್ ಅಶ್ವದಳದ ಕ್ಯಾಪ್ಟನ್ ನ್ಯೂಬೆರಿ ಅದರಾಗ ಸತ್ತ. ಬಂಡಿ ನಡುವ ಕುದುರಿ ನಡಿಗೆ 12ರಿಂದ 4 ಇಂಚಿಗೆ ಇಳಿಸ್ರಿ, ಹಗಲಿನ ಬೆಳಕಿನಾಗೂ ಬೇಡರಿಗೆ ಜೀವ ಬರ್ತದ.